ನಿಷ್ಕ್ರಿಯರು ಯಾರು? ‘ಪ್ಯಾಸಿವ್’ ಪದದ ಒಂದು ಕನ್ನಡ ಸಂವಾದಿಯ ವಿಮರ್ಶೆ

ಉತ್ತರ ಕನ್ನಡದ ಹಳದೀಪುರ ಮೂಲದ ಅರುಣಾ ಶಾನಭಾಗ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ನೀಡಿದ ತೀರ್ಪು ‘ಪ್ಯಾಸಿವ್ ಯುಥನೇಸಿಯಾ’ವನ್ನು ಸಾರ್ವಜನಿಕ ಚರ್ಚೆಗೆ ತಂದಿತು. ಇದಕ್ಕೆ ಕನ್ನಡದಲ್ಲಿ ‘ನಿಷ್ಕ್ರಿಯ ದಯಾಮರಣ’, ‘ಪರೋಕ್ಷ ದಯಾಮರಣ’ ಎಂಬ ಸಂವಾದಿಗಳು ಬಳಕೆಯಲ್ಲಿವೆ. ಮೊದಲನೆಯದು ನಿಘಂಟಿನ ದೃಷ್ಟಿಯಿಂದ ನಿರ್ದುಷ್ಟವೆನಿಸಿದರೂ ಬಳಕೆಯಲ್ಲಿ ಅಪಾರ್ಥಕ್ಕೆ ಎಡೆಮಾಡುತ್ತದೆ ಎಂಬುದು ಪ್ರಸ್ತುತ ಟಿಪ್ಪಣಿಯ ವಾದ.

‘ಪ್ಯಾಸಿವ್’ ಪದದ ಮೂಲವಾದ ಲ್ಯಾಟಿನ್ ಕ್ರಿಯಾಪದಕ್ಕೆ ಅನುಭವಿಸು, ಸಹಿಸು, ಒಳಗಾಗು ಎಂಬ ಅರ್ಥಗಳಿವೆ. ರೋಗಿಯನ್ನು ಸೂಚಿಸುವ ‘ಪೇಷೆಂಟ್’ ಪದವೂ ಅದೇ ಮೂಲದ್ದು. ಕನ್ನಡದ ಕರ್ಮಣಿ ಪ್ರಯೋಗವೂ ಇದೇ ಹಾದಿ ಹಿಡಿದಿದೆ: ‘ಮಾಡಲ್ಪಡು’ ಎಂಬಲ್ಲಿನ ‘ಪಡು’, ‘ನೋವುಪಡು’, ‘ಕಷ್ಟಪಡು’ ಎಂಬಲ್ಲಿರುವ ‘ಪಡು’ವೇ ಆಗಿದೆ. ‘ನಿಷ್ಕ್ರಿಯ’ವಾದರೋ ಅಭಾವವಾಚಿ, ಕ್ರಿಯೆಯಿಲ್ಲ ಎಂದಷ್ಟೇ ಹೇಳುತ್ತದೆ, ಒಳಗಾದವರತ್ತ ಬೊಟ್ಟು ಮಾಡುವುದಿಲ್ಲ.

ಆದರೆ ವ್ಯುತ್ಪತ್ತಿಯೊಂದೇ ಅರ್ಥವನ್ನು ನಿರ್ಣಯಿಸಲಾರದು. ವೈದ್ಯಕೀಯ ನೀತಿಶಾಸ್ತ್ರದಲ್ಲಿ ‘ಪ್ಯಾಸಿವ್’ ಎಂಬುದು ವೈದ್ಯರ ನಡೆಗೆ, ಅಂದರೆ ಜೀವಾಧಾರ ಚಿಕಿತ್ಸೆಯನ್ನು ತಡೆಹಿಡಿಯುವುದಕ್ಕೆ ಅಥವಾ ನಿಲ್ಲಿಸುವುದಕ್ಕೆ ಅನ್ವಯಿಸುವ ವಿಶೇಷಣ. ಆ ನೆಲೆಯಲ್ಲಿ ‘ನಿಷ್ಕ್ರಿಯ’ವನ್ನು ಸಮರ್ಥಿಸಬಹುದು. ತೊಡಕಿರುವುದು ಸಹಪ್ರಯೋಗದಲ್ಲಿ. ‘ನಿಷ್ಕ್ರಿಯ ಖಾತೆ’, ‘ಬಾಂಬ್ ನಿಷ್ಕ್ರಿಯ ದಳ’, ‘ಮಿದುಳು ನಿಷ್ಕ್ರಿಯ’ ಮುಂತಾದ ರೂಢ ಪ್ರಯೋಗಗಳಲ್ಲಿ ಈ ಪದ ಕೆಲಸ ನಿಂತ, ಅಥವಾ ನಿಲ್ಲಿಸಬೇಕಾದ, ವಸ್ತುವನ್ನು ಕುರಿತದ್ದು. ಕೆಲಸದಿಂದ ಹಿಂದೆ ಸರಿದ ಕರ್ತೃವನ್ನು ಕುರಿತದ್ದಲ್ಲ. ಆಸ್ಪತ್ರೆಯ ಸಂದರ್ಭದಲ್ಲಂತೂ ‘ಮಿದುಳು ನಿಷ್ಕ್ರಿಯ’ ಎಂಬ ಪ್ರಯೋಗವೇ ಅಂಗಾಂಗ ದಾನದ ಸುದ್ದಿಗಳ ಮೂಲಕ ಓದುಗರಿಗೆ ಪರಿಚಿತ. ಹೀಗಾಗಿ ‘ನಿಷ್ಕ್ರಿಯ ದಯಾಮರಣ’ದಲ್ಲಿ ನಿಷ್ಕ್ರಿಯತೆ ವೈದ್ಯರಿಂದ ರೋಗಿಗೆ ಜಾರುವ ಸಾಧ್ಯತೆಯಿದೆ.

ಇದು ಕೇವಲ ಶೈಲಿಯ ಪ್ರಶ್ನೆಯಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಿದುಳುಕಾಂಡದ ಮರಣ ಮರಣವೇ. ಅರುಣಾ ಅವರ ಮಿದುಳು ಸತ್ತಿಲ್ಲವೆಂದು ನ್ಯಾಯಾಲಯ ಸ್ಪಷ್ಟಪಡಿಸಿತ್ತು. ಅವರು 2015ರವರೆಗೆ ಬದುಕಿದ್ದರು. ಸತ್ತವರನ್ನೂ ಬದುಕಿರುವವರನ್ನೂ ಒಂದೇ ವಿಶೇಷಣದಡಿ ತರುವುದು ಅರ್ಥಸಂಕರ. ‘ಪರೋಕ್ಷ’ವೂ ಪರಿಹಾರವಲ್ಲ, ಅದು ಕ್ರಿಯೆಯ ಅಭಾವವನ್ನು ಬಿಟ್ಟು ಮರೆಯಲ್ಲಿ ನಡೆಯುವ ಕ್ರಿಯೆಯನ್ನು ಧ್ವನಿಸುತ್ತದೆ.

ಗೌರವಯುತ ಮರಣದ ಹಕ್ಕನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದೆ. ಇನ್ನು ಮುಂದೆ ಇಂಥ ಪದಗಳನ್ನು ಓದಿ ಸಮ್ಮತಿ ನೀಡಬೇಕಾದವರು ರೋಗಿಗಳ ಮನೆಯವರು. ಅವರಿಗೆ ‘ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸುವುದು’ ಎಂಬ ವಿವರಣಾತ್ಮಕ ರೂಪವೇ ಮೇಲು. ಅದು ಸಮಾಸದಷ್ಟು ಅಡಕವಲ್ಲ. ಆದರೆ ನಿಲ್ಲುವುದು ಚಿಕಿತ್ಸೆ, ನಿಲ್ಲಿಸುವವರು ವೈದ್ಯರು ಎಂಬುದನ್ನು ಅದು ಮರೆಮಾಚುವುದಿಲ್ಲ.