ತಡವಾಗಿ ಬರುವ ಅಲೆ

ಇಥಿಯೋಪಿಯಾದ ಅಫಾರ್‌ನಲ್ಲಿ ಆಫ್ರಿಕಾ ಖಂಡ ಇಂದಿಗೂ ಸೀಳಿಹೋಗುತ್ತಿದೆ. ಅಲ್ಲಿನ ಭೂತೊಗಟೆಯ ದಪ್ಪ ಅಳೆಯಲು ಕೊರೆಯಬೇಕಿಲ್ಲ. ಸಾವಿರಾರು ಕಿಲೋಮೀಟರ್ ದೂರದ ಹಿಂದೂಕುಷ್‌ನಲ್ಲೋ ಇಂಡೋನೇಷ್ಯಾದಲ್ಲೋ ದೊಡ್ಡದಾಗಿ ನೆಲ ನಡುಗಿದರೆ ಸಾಕು. ಈ ಜಾಣ್ಮೆಗೆ ನಾನು ಮನಸೋತಿದ್ದೇನೆ.

ಆ ಭೂಕಂಪದಿಂದ ಹೊರಟು ಆಳದಿಂದ ಮೇಲೇರುವ ವೇಗದ ಪಿ ಅಲೆ ತೊಗಟೆಯ ತಳವಾದ ಮೋಹೋ ಗಡಿಯನ್ನು ದಾಟುವಾಗ ಅದರ ಒಂದು ಪಾಲು ನಿಧಾನಗತಿಯ ಎಸ್ ಅಲೆಯಾಗಿ ಬದಲಾಗುತ್ತದೆ. ಆ ಪಾಲು ತಡವಾಗಿ ತಲುಪುತ್ತದೆ. ಆ ತಡವೇ ಅಳತೆಗೋಲು. ಕಂಪನಮಾಪಕದ ಲಂಬ ದಾಖಲೆಯಲ್ಲಿ ಪಿ ಎದ್ದು ಕಾಣುತ್ತದೆ. ಭೂಕಂಪದ ಸ್ವಂತ ಗದ್ದಲವನ್ನು ಲೆಕ್ಕದಿಂದ ಕಳೆದ ಮೇಲೆ ಅಡ್ಡ ದಾಖಲೆಯಲ್ಲಿ, ಸುಮಾರು 5 ಸೆಕೆಂಡಿನ ನಂತರ, ಒಂದು ಪುಟ್ಟ ಉಬ್ಬು. ಇಥಿಯೋಪಿಯಾ ಪ್ರಸ್ಥಭೂಮಿಯಡಿ ತೊಗಟೆ ಸುಮಾರು 40 ಕಿ.ಮೀ. ಎಂದು ಅದರಿಂದ ಗೊತ್ತಾಗುತ್ತದೆ. ಅಫಾರ್‌ನ ದನಾಕಿಲ್ ತಗ್ಗಿಗಿಳಿದರೆ ಉಬ್ಬು 2–3 ಸೆಕೆಂಡಿಗೇ ಬಂದುಬಿಡುತ್ತದೆ: ಅಲ್ಲಿ ಉಳಿದಿರುವುದು 16 ಕಿ.ಮೀ. ಆಸುಪಾಸು.

ಒಂದು ತೊಡಕಿದೆ. ಬಂಡೆಯಲ್ಲಿ ಕರಗಿದ ಶಿಲಾರಸವಿದ್ದರೂ ಎಸ್ ತಡವಾಗುತ್ತದೆ. 2000ರಲ್ಲಿ ಭೂಕಂಪವಿಜ್ಞಾನಿಗಳಾದ ಲೂಪೇ ಜೂ ಮತ್ತು ಹಿರೋ ಕನಮೊರಿ ಇದಕ್ಕೆ ಸೊಗಸಾದ ದಾರಿ ತೋರಿಸಿದರು: ನೆಲಕ್ಕೂ ಮೋಹೋಗೂ ನಡುವೆ ಪುಟಿದು ಬರುವ ಮಾರ್ದನಿಗಳನ್ನೂ ಸೇರಿಸಿ, ದಪ್ಪವನ್ನೂ ಪಿ-ಎಸ್ ಅಲೆವೇಗಗಳ ಅನುಪಾತವನ್ನೂ ಒಟ್ಟಿಗೇ ಹುಡುಕುವುದು. ಅಫಾರ್‌ನಲ್ಲಿ ಆ ಅನುಪಾತ ಅಸಹಜವಾಗಿ ಹೆಚ್ಚು. ಹಿಗ್ಗಿ ತೆಳುವಾದ ತೊಗಟೆಯೊಳಗೆ ಶಿಲಾರಸ ನುಗ್ಗಿರುವುದಕ್ಕೆ ಅದು ಬಲವಾದ ಸಾಕ್ಷಿ.