ಟೇಪಿನೊಳಗಿನ ಪ್ರಿಯಾ, ಮನೆಯೊಳಗಿನ ಪ್ರಿಯಾ

ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ದಾರಿ ಹೇಳುವವರ ಬಾಯಲ್ಲಿ ಮೊದಲು ಬರುವುದು ಟಾಕೀಸಿನ ಹೆಸರು: ಕೋಣಾರ್ಕ್ ಹತ್ತಿರ, ವೆಂಕಟಾದ್ರಿ ಪಕ್ಕ. ಕೋಚಿಂಗ್ ಸೆಂಟರು, ಹಾಸ್ಟೆಲುಗಳಿಂದ ಕಿಕ್ಕಿರಿದ ಈ ಬಡಾವಣೆಯ ಹುಡುಗರಿಗೆ ಪ್ರೀತಿಯಲ್ಲಿ ಹಾಳಾದ ನಾಯಕ ಹೊಸಬನೇನಲ್ಲ. 1953ರಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ‘ದೇವದಾಸು’ವಾಗಿ ಕುಡಿದು ಸತ್ತಾಗ ಅಜ್ಜಂದಿರು ಅತ್ತರು, 2017ರಲ್ಲಿ ‘ಅರ್ಜುನ್ ರೆಡ್ಡಿ’ಗೆ ಮೊಮ್ಮಕ್ಕಳು ಸಿಳ್ಳೆ ಹೊಡೆದರು. ಇಂಥ ಊರಿಗೆ 2023ರ ಸೆಪ್ಟೆಂಬರ್ 22ರಂದು ಹೇಮಂತ್ ಎಂ. ರಾವ್ ಅವರ ಕನ್ನಡ ಚಿತ್ರ ‘ಸಪ್ತ ಸಾಗರದಾಚೆ ಎಲ್ಲೋ – ಸೈಡ್ ಎ’, ‘ಸಪ್ತ ಸಾಗರಾಲು ದಾಟಿ’ ಎಂಬ ಹೆಸರಲ್ಲಿ ತೆಲುಗು ಮಾತಾಡಿಕೊಂಡು ಬಂತು.

ನವೆಂಬರ್ 17ಕ್ಕೆ ಸೈಡ್ ಬಿ ಬಿಡುಗಡೆಯಾಯಿತು. ‘ಮೊದಲನೆಯದು ಚಿನ್ನ, ಎರಡನೆಯದು ಎಳೆದಾಟ’ ಎಂದವರು ನನ್ನ ಗೆಳೆಯರಲ್ಲೇ ಬಹಳ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲ ಭಾಗದಲ್ಲಿ ಕಾರ್ ಡ್ರೈವರ್ ಮನು (ರಕ್ಷಿತ್ ಶೆಟ್ಟಿ) ಧಣಿಯ ಮಗ ಮಾಡಿದ ಅಪಘಾತವನ್ನು ದುಡ್ಡಿನಾಸೆಗೆ ತಲೆಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸುತ್ತೇನೆಂದ ಧಣಿಯೇ ತೀರಿಕೊಳ್ಳುತ್ತಾನೆ. ದುಡ್ಡು ಯಾವುದಕ್ಕೆ? ಪ್ರೇಯಸಿ ಪ್ರಿಯಾ (ರುಕ್ಮಿಣಿ ವಸಂತ್) ಜೊತೆ ಕಟ್ಟಬೇಕಾದ ಮನೆಗೆ. ಆ ನಿರ್ಧಾರಕ್ಕೆ ಮುಂಚೆ ಪ್ರಿಯಾಳನ್ನು ಮಾತ್ರ ಕೇಳಲಿಲ್ಲ. ಇಡೀ ಎರಡು ಭಾಗಗಳ ದುರಂತ ನಿಂತಿರುವುದು ಈ ಕೇಳದೆ ಬಿಟ್ಟ ಒಂದು ಮಾತಿನ ಮೇಲೆ.

ಜೈಲಿನೊಳಗೆ ಅವನಿಗೆ ಆಸರೆ ಒಂದು ಕ್ಯಾಸೆಟ್. ಅದರಲ್ಲಿ ಪ್ರಿಯಾಳ ದನಿ. ಹೊರಗೆ ವರ್ಷಗಳು ಉರುಳುತ್ತವೆ, ಅವಳಿಗೆ ಮದುವೆಯಾಗುತ್ತದೆ, ಮಗು ಆಗುತ್ತದೆ, ಹಾಡುಗಾರ್ತಿಯಾಗುವ ಕನಸು ಎಲ್ಲೋ ಬಿದ್ದುಹೋಗುತ್ತದೆ. ಟೇಪಿನೊಳಗಿನ ಹುಡುಗಿಗೆ ಮಾತ್ರ ಒಂದು ದಿನವೂ ವಯಸ್ಸಾಗುವುದಿಲ್ಲ. ಸೈಡ್ ಬಿಯಲ್ಲಿ ಜೈಲಿನಿಂದ ಬಿಡುಗಡೆಯಾದ ಮನು ಹುಡುಕಿಕೊಂಡು ಹೊರಡುವುದು ಆ ಹುಡುಗಿಯನ್ನು. ಆಮೇಲೆ ಹತ್ತಿರವಾಗುವ ಸುರಭಿಯಲ್ಲೂ (ಚೈತ್ರಾ ಆಚಾರ್) ಅವನು ಹುಡುಕುವುದು ಅವಳನ್ನೇ. ಕೊನೆಗೆ ಗುರುತು ಮುಚ್ಚಿಟ್ಟು ಪ್ರಿಯಾಳ ಗಂಡನ ಸ್ನೇಹ ಮಾಡಿ, ಆ ಸಂಸಾರವನ್ನು ಸರಿಮಾಡಲು ನಿಲ್ಲುತ್ತಾನೆ. ಉಪಕಾರವೇ, ನಿಜ. ಆದರೆ ಈ ಸಲವೂ ಅವಳನ್ನು ಕೇಳಿಲ್ಲ! ಅದ್ವೈತ ಗುರುಮೂರ್ತಿ ಅವರ ಕ್ಯಾಮೆರಾ ಮೊದಲ ಭಾಗದ ನೀಲಿಯನ್ನು ಬಿಟ್ಟು ಕೆಂಪಿಗೆ ತಿರುಗುವುದು ಈ ಕಾರಣಕ್ಕೇ ಎಂದು ನನ್ನ ನಂಬಿಕೆ. ಪ್ರೀತಿ ಇಲ್ಲಿ ಬೇರೆಯವರ ಅಂಗಳಕ್ಕೆ ಕಾಲಿಟ್ಟಿದೆ, ನಿರ್ದೇಶಕರು ಅದನ್ನು ಮುಚ್ಚಿಡುವುದಿಲ್ಲ.

ದೇವದಾಸನ ಕುಡಿತಕ್ಕೆ ನಾವು ಮರುಗಿದೆವು, ಅವನ ಪ್ರೇಯಸಿ ಪಾರ್ವತಿಯ ಮುಂದಿನ ಬದುಕನ್ನು ವಿಚಾರಿಸಲಿಲ್ಲ. ಸೈಡ್ ಬಿ ವಿಚಾರಿಸುತ್ತದೆ. ರುಕ್ಮಿಣಿ ವಸಂತ್ ಅವರಿಗೆ ಇಲ್ಲಿ ಮಾತು ಕಡಿಮೆ. ದಣಿದ ಮುಖದಲ್ಲೇ ಹತ್ತು ವರ್ಷದ ಲೆಕ್ಕ ಒಪ್ಪಿಸುತ್ತಾರೆ. ಕೊನೆಯ ಹೊಡೆದಾಟಗಳು ಉದ್ದವಾದವು, ಹೌದು. ಅಷ್ಟಕ್ಕೆ ಈ ಮುಖವನ್ನು ತಳ್ಳಿಹಾಕಲಾಗದು.

ಎರಡೂ ಭಾಗಗಳು ಪ್ರೈಮ್ ವಿಡಿಯೊಗೆ ಬಂದಿವೆ. ಹೈದರಾಬಾದಿನ ಕನ್ನಡಿಗರೇ, ತೆಲುಗು ಗೆಳೆಯರನ್ನೂ ಕೂರಿಸಿಕೊಂಡು ಕನ್ನಡದ ದನಿಯಲ್ಲೇ ನೋಡಿ; ಸೈಡ್ ಎ ಮುಗಿದ ಮಾರನೆಯ ದಿನವೇ ಸೈಡ್ ಬಿ ಹಾಕಿ.