ಬಾಲಬೋಧೆಯಲ್ಲಿ ಎಣಿಕೆಯೂ ಹಣ್ಣಿನ ಹೆಸರುಗಳೂ

ಮಹಾಕಾವ್ಯಗಳನ್ನು ಕುರಿತು ಹೊತ್ತಗೆಗಳನ್ನೇ ರಚಿಸುವ ನಾವು, ಮೂರು ವರ್ಷದ ಮಗುವಿನ ಕೈಗೆ ಬರುವ ತೆಳುವಾದ ಚಿತ್ರಪುಸ್ತಿಕೆಯನ್ನು ತೆರೆದು ನೋಡುವ ಗೋಜಿಗೆ ಹೋಗುವುದಿಲ್ಲ. ಅದು ವಿಮರ್ಶೆಗೆ ಯೋಗ್ಯವಾದ ವಸ್ತುವಲ್ಲವೆಂದು ತಿಳಿದಿದ್ದೇವೆ. ಆದರೆ ಅಷ್ಟು ಸಲ ಮಗುಚಿ ಹಾಕಿ, ಅಷ್ಟು ತನ್ಮಯತೆಯಿಂದ ಓದುವ ಪುಸ್ತಕ ಮನುಷ್ಯನ ಬಾಳಿನಲ್ಲಿ ಇನ್ನೊಂದು ಬರುವುದು ಅಪೂರ್ವ. ಲೋಕದ ವಸ್ತುಗಳಿಗೂ ಅವುಗಳ ಹೆಸರುಗಳಿಗೂ ಇರುವ ಸಂಬಂಧ ಅಲ್ಲಿಯೇ ನೆಲೆಗೊಳ್ಳತೊಡಗುತ್ತದೆ. ಆದಕಾರಣ, ಮುಂಬಯಿಯ ಕನ್ನಡ ಮನೆಗಳಲ್ಲಿ ಇಂದು ಸರ್ವೇಸಾಮಾನ್ಯವಾಗಿರುವ ಇಂಗ್ಲಿಷ್ ಬಾಲಪುಸ್ತಿಕೆಯನ್ನು, ಅದರಲ್ಲಿಯೂ ಎಣಿಕೆ ಮತ್ತು ಹಣ್ಣುಗಳ ಪುಟಗಳನ್ನು, ಗಂಭೀರವಾದ ಕೃತಿಯೆಂದೇ ಭಾವಿಸಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ದಾದರದಿಂದ ಡೊಂಬಿವಲಿಯವರೆಗೆ ನಿಲ್ದಾಣಗಳ ಹೊರಗೆ, ಕಾಲುದಾರಿಯ ಬದಿಯಲ್ಲಿ ಮಾರಾಟವಾಗುವ ಈ ಪುಸ್ತಿಕೆಗಳ ಸ್ವರೂಪ ವಾಚಕರಿಗೆ ಪರಿಚಿತವಾದುದೇ. ಒಂದು ಸೇಬಿನ ಎದುರು ‘ವನ್’, ಎರಡು ಬಾಳೆಹಣ್ಣಿನ ಎದುರು ‘ಟೂ’, ಮೂರು ಕಿತ್ತಳೆಯ ಎದುರು ‘ಥ್ರೀ’. ಮುಂದಿನ ಪುಟದಲ್ಲಿ ಆ್ಯಪಲ್, ಬನಾನಾ, ಚೆರ್ರಿ, ಗ್ರೇಪ್ಸ್ ಎಂಬ ಸಾಲು. ಇವುಗಳ ಗುಣಗಳನ್ನು ಮೊದಲು ಒಪ್ಪಿಕೊಳ್ಳಬೇಕು. ಬೆಲೆ ಅಗ್ಗ, ಬಣ್ಣ ಉಜ್ಜ್ವಲ, ಮಾತು ಸಂಕ್ಷಿಪ್ತ. ಸಂಖ್ಯೆಯನ್ನು ಚಿತ್ರದೊಡನೆ ಬೆಸೆಯುವ ಕ್ರಮವೂ ತತ್ತ್ವತಃ ಸರಿಯಾದುದೇ. ದೋಷವಿರುವುದು ಪುಸ್ತಿಕೆಯಲ್ಲಿ ಅಷ್ಟಾಗಿ ಇಲ್ಲ; ಅದನ್ನು ಮಗುವಿನ ಪ್ರಥಮ ಹಾಗೂ ಏಕೈಕ ಗ್ರಂಥವನ್ನಾಗಿ ಮಾಡಿದ ನಮ್ಮ ಮನೋಧರ್ಮದಲ್ಲಿ ಇದೆ.

ಸಂಖ್ಯಾಪದಗಳನ್ನು ಒಪ್ಪಿಸುವುದು ಬೇರೆ, ಎಣಿಸುವುದು ಬೇರೆ. ರೋಶೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎಣಿಕೆಯ ಮೂಲತತ್ತ್ವಗಳನ್ನು ವಿಂಗಡಿಸಿ ತೋರಿಸಿದ್ದಾರೆ. ಒಂದೊಂದು ವಸ್ತುವಿಗೆ ಒಂದೊಂದೇ ಪದವನ್ನು ಸಲ್ಲಿಸುವುದು, ಪದಗಳ ಕ್ರಮವನ್ನು ಕೆಡಿಸದಿರುವುದು, ಕೊನೆಗೆ ಹೇಳಿದ ಪದವೇ ಇಡೀ ಗುಂಪಿನ ಮೊತ್ತವೆಂದು ಅರಿಯುವುದು, ಇವು ಅವುಗಳಲ್ಲಿ ಮುಖ್ಯವಾದವು. ಈ ಮೂರನೆಯದು ಎಳೆಯ ಮಕ್ಕಳಿಗೆ ಬಹುಕಾಲ ದುರ್ಗಮವಾಗಿರುತ್ತದೆ. ಅತಿಥಿಗಳ ಮುಂದೆ ನಿಂತು ‘ಟ್ವೆಂಟಿ’ಯವರೆಗೆ ನಿರರ್ಗಳವಾಗಿ ಒಪ್ಪಿಸಿದ ಮಗುವಿಗೆ, ಬುಟ್ಟಿಯಿಂದ ನಾಲ್ಕು ಹಣ್ಣು ತಾ ಎಂದರೆ ಅದು ಕೈತುಂಬ ಹಿಡಿದಷ್ಟನ್ನು ತರಬಹುದು. ಒಪ್ಪಿಸಿದುದು ಮಂತ್ರ, ಕೇಳಿದುದು ಅರ್ಥ. ಈ ಅರ್ಥವು ಹುಟ್ಟುವುದು ಕೊಡುಕೊಳೆಯಲ್ಲಿ, ಹಂಚಿಕೆಯಲ್ಲಿ, ಆಟದಲ್ಲಿ. ಎಂದರೆ ಮನೆಯವರೊಡನೆ ಆಡುವ ಮಾತಿನಲ್ಲಿ. ಆ ಮಾತು ಯಾವ ಭಾಷೆಯದೋ ಆ ಭಾಷೆಯಲ್ಲಿಯೇ ಎಣಿಕೆ ಬೇರುಬಿಡುವುದು ಸಹಜವಾದುದು.

ಇನ್ನು ಸಂಖ್ಯಾಪದಗಳ ರಚನೆಯನ್ನು ನೋಡೋಣ. ಕನ್ನಡದ ‘ಹನ್ನೊಂದು’ ಎಂಬಲ್ಲಿ ಹತ್ತೂ ಇದೆ, ಒಂದೂ ಇದೆ. ‘ಹದಿಮೂರು’, ‘ಹದಿನಾಲ್ಕು’ ಎಂದು ಮುಂದುವರಿದು ‘ಇಪ್ಪತ್ತು’ ಎಂಬಲ್ಲಿ ಎರಡು ಹತ್ತುಗಳೂ, ‘ಮೂವತ್ತು’ ಎಂಬಲ್ಲಿ ಮೂರು ಹತ್ತುಗಳೂ ಕಿವಿಗೇ ಕೇಳಿಸುತ್ತವೆ. ‘ಇಪ್ಪತ್ತೈದು’ ಎಂದಾಗ ಬಾಯಿಯ ಕ್ರಮವೂ ಬರವಣಿಗೆಯ ಕ್ರಮವೂ ಒಂದೇ. ‘ತೊಂಬತ್ತು’, ‘ಒಂಬೈನೂರು’ ಎಂಬ ಅಪವಾದಗಳು ಇಲ್ಲದಿಲ್ಲ. ಆದರೂ ಸ್ಥಾನಬೆಲೆಯ ತತ್ತ್ವವು ನಮ್ಮ ಪದಗಳಲ್ಲಿಯೇ ಅಡಕವಾಗಿದೆ. ಮನೆಯಲ್ಲಿ ತುಳು ಆಡುವ ಮಗುವಿಗೂ ಈ ಭಾಗ್ಯ ತಪ್ಪಿದುದಲ್ಲ: ‘ಪತ್ತೊಂಜಿ’ಯಲ್ಲಿ ಪತ್ತೂ ಒಂಜಿಯೂ ಕೂಡಿಯೇ ಇವೆ. ಇಂಗ್ಲಿಷಿನ ‘ಇಲೆವನ್’, ‘ಟ್ವೆಲ್ವ್’ ಎಂಬವು ಹತ್ತು ಕಳೆದು ಒಂದು ಉಳಿಯಿತು, ಎರಡು ಉಳಿಯಿತು ಎಂಬ ಪ್ರಾಚೀನ ಅರ್ಥವುಳ್ಳವೆಂದು ಭಾಷಾಶಾಸ್ತ್ರಜ್ಞನು ಬಲ್ಲ. ಮಗುವಿಗೆ ಅವು ಕೇವಲ ಎರಡು ಹೊಸ ಶಬ್ದಗಳು. ‘ಥರ್ಟೀನ್’ ಎಂಬಲ್ಲಿ ಮೂರು ಮುಂದೆ ಬಂದು ಹತ್ತು ಹಿಂದೆ ಬೀಳುತ್ತದೆ. ‘ಥರ್ಟಿ’ಯೊಡನೆ ಅದು ಮಾಡುವ ಗೊಂದಲ ಬೇರೆ.

ಈ ವಿಚಾರ ಪಂಡಿತರ ಹರಟೆಯೆಂದು ಯಾರೂ ತಳ್ಳಿಹಾಕಬಾರದು. ಈ ಮಹಾರಾಷ್ಟ್ರದಲ್ಲಿಯೇ 2019ರಲ್ಲಿ ಇದು ವಿಧಾನಸಭೆಯನ್ನು ಮುಟ್ಟಿದ ವಾದವಾಗಿ ಪರಿಣಮಿಸಿತು. ಮರಾಠಿಯಲ್ಲಿ ಇಪ್ಪತ್ತೊಂದಕ್ಕೆ ‘ಏಕವೀಸ’. ಬರೆಯುವಾಗ ಎರಡು ಮೊದಲು, ಹೇಳುವಾಗ ಒಂದು ಮೊದಲು. ಹತ್ತೊಂಬತ್ತಕ್ಕೆ ‘ಏಕೋಣೀಸ’, ಎಂದರೆ ಇಪ್ಪತ್ತಕ್ಕೆ ಒಂದು ಕಡಮೆ. ಮಕ್ಕಳಿಗೆ ಇದು ಕ್ಲೇಶಕರವೆಂದು ಭಾವಿಸಿ, ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯು ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ ಏಕ’, ‘ವೀಸ ದೋನ’ ಎಂಬ ಕ್ರಮವನ್ನು ತಂದಿತು. ಗಣಿತಜ್ಞೆ ಮಂಗಲಾ ನಾರಳೀಕರ್ ಅವರು ಈ ಕ್ರಮವನ್ನು ಸಮರ್ಥಿಸಿದರು. ಪರಂಪರೆಯ ಅಭಿಮಾನಿಗಳು ಭಾಷೆಯ ಸೊಗಸು ಕೆಡುವುದೆಂದು ಪ್ರತಿಭಟಿಸಿದರು. ಎರಡು ಪಕ್ಷಗಳಲ್ಲಿಯೂ ಹುರುಳಿತ್ತು. ನಾವು ಗಮನಿಸಬೇಕಾದುದು ಬೇರೊಂದು ಅಂಶ. ನೆರೆಯ ಭಾಷೆಯೊಂದು ಪಠ್ಯಪುಸ್ತಕವನ್ನು ತಿದ್ದಿ, ವಾಗ್ಯುದ್ಧವನ್ನು ಎದುರಿಸಿ ಪಡೆಯಲೆಳಸಿದ ಅನುಕೂಲವು ಕನ್ನಡಕ್ಕೆ ಹುಟ್ಟಿನಿಂದಲೇ ಬಂದಿದೆ. ಇದೇ ನಗರದಲ್ಲಿ, ಅದೇ ವರ್ಷಗಳಲ್ಲಿ, ನಾವು ಅದನ್ನು ಯಾವ ಚರ್ಚೆಯೂ ಇಲ್ಲದೆ ಬಿಟ್ಟುಕೊಡುತ್ತಿದ್ದೆವು.

ಪದರಚನೆಯ ಪ್ರಭಾವವನ್ನು ಕುರಿತು ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರೂ ವಿಚಾರ ಮಾಡಿದ್ದಾರೆ. ಕೆವಿನ್ ಮಿಲ್ಲರ್ ಮತ್ತು ಜೇಮ್ಸ್ ಸ್ಟಿಗ್ಲರ್ ಅವರು 1987ರಲ್ಲಿ ಚೀನೀ ಮತ್ತು ಅಮೆರಿಕನ್ ಮಕ್ಕಳ ಎಣಿಕೆಯನ್ನು ಹೋಲಿಸಿದರು. ಚೀನೀ ಭಾಷೆಯಲ್ಲಿ ಹನ್ನೊಂದಕ್ಕೆ ‘ಹತ್ತು ಒಂದು’ ಎಂದೇ ಹೆಸರು. ಹತ್ತರವರೆಗೆ ಹೆಚ್ಚಿನ ಅಂತರ ಕಾಣದಿದ್ದರೂ, ಹತ್ತನ್ನು ದಾಟಿದ ಮೇಲೆ ಅಮೆರಿಕನ್ ಮಕ್ಕಳು ಎಡವುವುದು ಹೆಚ್ಚೆಂಬುದು ಇಂತಹ ಅಧ್ಯಯನಗಳಿಂದ ತಿಳಿದುಬಂದಿದೆ. ಆದರೆ ಇದರಿಂದ ಅತಿಯಾದ ನಿರ್ಣಯಕ್ಕೆ ಹೋಗಲಾಗದು. ಶಾಲೆ, ಮನೆ, ಅಭ್ಯಾಸ ಇವೆಲ್ಲವೂ ಫಲಿತಾಂಶದಲ್ಲಿ ಪಾಲುಗೊಳ್ಳುತ್ತವೆ. ಇಂಗ್ಲಿಷಿಗೂ ತನ್ನದೇ ಆದ ಒಂದು ಅನುಕೂಲವಿದೆ. ಕನ್ನಡದಲ್ಲಿ ‘ಒಂದು ಹಣ್ಣು’, ‘ಎರಡು ಹಣ್ಣು’ ಎಂದರೆ ಸಾಕು. ಇಂಗ್ಲಿಷಿನಲ್ಲಿ ಎರಡಾದೊಡನೆ ಬಹುವಚನದ ಪ್ರತ್ಯಯ ಕಡ್ಡಾಯ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೀಗೆ ಏಕವಚನ–ಬಹುವಚನಗಳ ಭೇದವನ್ನು ಕಡ್ಡಾಯವಾಗಿ ಪಾಲಿಸುವ ಇಂಗ್ಲಿಷ್ ಮತ್ತು ರಷ್ಯನ್ ಭಾಷೆಗಳ ಮಕ್ಕಳು ಒಂದು, ಎರಡು, ಮೂರರ ಅರ್ಥವನ್ನು ಜಪಾನೀ ಮಕ್ಕಳಿಗಿಂತ ಬೇಗನೆ ಗ್ರಹಿಸಿದುದು ಕಂಡುಬಂತು. ಒಂದೊಂದು ಭಾಷೆಯೂ ಒಂದೊಂದು ಬಾಗಿಲನ್ನು ತೆರೆಯುತ್ತದೆ. ಎರಡು ಬಾಗಿಲುಗಳಿರುವ ಮನೆಯಲ್ಲಿ ಒಂದಕ್ಕೆ ಬೀಗ ಹಾಕುವುದೇಕೆ ಎಂಬುದೇ ನಮ್ಮ ಪ್ರಶ್ನೆ.

ಕನ್ನಡದ ಎಣಿಕೆಯಲ್ಲಿ ಇನ್ನೊಂದು ವಿವೇಕವಿದೆ. ವಸ್ತುಗಳನ್ನು ಎರಡು, ಮೂರು, ನಾಲ್ಕು ಎಂದು ಎಣಿಸುವ ಭಾಷೆ, ಮನುಷ್ಯರನ್ನು ಇಬ್ಬರು, ಮೂವರು, ನಾಲ್ವರು ಎಂದು ಬೇರೆಯಾಗಿ ಎಣಿಸುತ್ತದೆ. ‘ನನಗೆ ಎರಡು ಅಣ್ಣ’ ಎಂಬ ಮಾತು ಇಂದು ನಗರದ ಕನ್ನಡ ಮಕ್ಕಳ ಬಾಯಲ್ಲಿ ಕೇಳಿಬರುತ್ತಿದೆ. ವ್ಯಾಕರಣದ ತಪ್ಪೆಂದು ನಾವು ನಕ್ಕುಬಿಡುತ್ತೇವೆ. ಆದರೆ ಆ ಮಗು ‘ಟೂ’ ಎಂಬುದನ್ನು ಮೊದಲು ಕಲಿತು, ಅದಕ್ಕೆ ಸಮನಾದ ಒಂದೇ ಕನ್ನಡ ಪದವನ್ನು ಆಮೇಲೆ ಅಂಟಿಸಿಕೊಂಡಿದೆ. ಹಣ್ಣಿಗೂ ಅಣ್ಣನಿಗೂ ನಡುವೆ ಭಾಷೆ ಕಾಯ್ದುಕೊಂಡು ಬಂದ ಅಂತರ ಅಲ್ಲಿ ಅಳಿಸಿಹೋಯಿತು.

ಹಣ್ಣುಗಳ ಪುಟಕ್ಕೆ ಬಂದರೆ ಈ ನಷ್ಟ ಇನ್ನೂ ಸ್ಪಷ್ಟವಾಗುತ್ತದೆ. ಇಂಗ್ಲಿಷ್ ಪುಸ್ತಿಕೆಯಲ್ಲಿ ‘ಮ್ಯಾಂಗೋ’ ಒಂದೇ ಪದ, ಒಂದೇ ಚಿತ್ರ. ಕನ್ನಡದ ಮಾವು ಹೀಚಾಗಿ, ಕಾಯಾಗಿ, ದೋರೆಗಾಯಾಗಿ, ಹಣ್ಣಾಗಿ, ಕಳಿತು ಮುಗಿಯುತ್ತದೆ. ಕಾಯಿಗೂ ಹಣ್ಣಿಗೂ ಇರುವ ಭೇದವು ನಮ್ಮ ನುಡಿಯ ಅಡಿಪಾಯದಲ್ಲಿಯೇ ಇದೆ. ‘ಹಣ್ಣು’ ಎಂಬ ನಾಮವು ‘ಹಣ್ಣಾಗು’ ಎಂಬ ಕ್ರಿಯೆಯಾಗಿ, ಹಣ್ಣುಹಣ್ಣು ಮುದುಕನವರೆಗೂ ಸಾಗುತ್ತದೆ. ಹೆಸರನ್ನು ಕಲಿಯುತ್ತಲೇ ಮಗು ಕಾಲವನ್ನೂ ಬದಲಾವಣೆಯನ್ನೂ ಕಲಿಯುತ್ತದೆ. ‘ಆ್ಯಪಲ್’ ಎಂಬುದು ಎಂದೆಂದಿಗೂ ಕೆಂಪಗೆ, ಗುಂಡಗೆ, ಪುಟದ ಮೇಲೆಯೇ ಇರುತ್ತದೆ.

ಸ್ಥಳದ ಅರಿವೂ ಇಲ್ಲಿ ಮುಖ್ಯ. ವೈಶಾಖದ ದಿನಗಳಲ್ಲಿ ಉಪನಗರಗಳ ನಿಲ್ದಾಣದ ಬಳಿ ಬುಟ್ಟಿ ಇಟ್ಟು ಕುಳಿತ ಹೆಂಗಸರು ಕರವಂದ, ಜಾಂಭೂಳ, ತಾಡಗೋಳೆಗಳನ್ನು ಮಾರುತ್ತಾರೆ. ಇವೇ ನಮ್ಮ ಕವಳಿ, ನೇರಳೆ, ತಾಟಿನಿಂಗುಗಳು. ಘೋಲವಡದ ಚಿಕ್ಕು, ರತ್ನಾಗಿರಿಯ ಆಪೂಸು ಮನೆಮನೆಗೆ ಬರುತ್ತವೆ. ಮಹಾಬಳೇಶ್ವರದ ಸ್ಟ್ರಾಬೆರಿಯೂ ಈಗ ಈ ನಾಡಿನದೇ ಆಗಿದೆ. ಬಾಲಪುಸ್ತಿಕೆಯ ಹಣ್ಣುಗಳಿಗೂ ಬೀದಿಯ ಈ ಹಣ್ಣುಗಳಿಗೂ ಪರಿಚಯವೇ ಇಲ್ಲ. ಅಕ್ಷರಮಾಲೆಯ ಅಗತ್ಯಕ್ಕೆ ತಕ್ಕಂತೆ ಆರಿಸಿದ ಹಣ್ಣುಗಳಿಂದ ಮಗುವಿನ ರುಚಿ, ವಾಸನೆ, ಋತುಗಳ ಅನುಭವವು ಮಾತಾಗಲಾರದು.

ಇಲ್ಲಿ ಶುದ್ಧ ಕನ್ನಡದ ಹಟ ಹಿಡಿಯಬೇಕಾಗಿಲ್ಲ. ಪೇರಳೆ, ಪಪ್ಪಾಯಿ, ಅನಾನಸು, ಚಿಕ್ಕು, ಗೇರು ಇವೆಲ್ಲ ಅಮೆರಿಕ ಖಂಡಗಳಿಂದ ಕಡಲು ದಾಟಿ ಬಂದವು. ಪಪ್ಪಾಯಿಗೆ ‘ಪರಂಗಿ’ ಎಂದು ಕರೆದು ಅದರ ವಿದೇಶೀಯತೆಯನ್ನು ಹೆಸರಿನಲ್ಲಿಯೇ ದಾಖಲಿಸಿದ ನಮ್ಮ ಹಿರಿಯರು, ಮರುದಿನವೇ ಅದನ್ನು ಹಿತ್ತಿಲಲ್ಲಿ ನೆಟ್ಟರು. ವಲಸೆ ಬಂದು ಬೇರೂರುವುದು ಹೇಗೆಂಬುದನ್ನು ಹೊರನಾಡ ಕನ್ನಡಿಗರಿಗೆ ಈ ಹಣ್ಣುಗಳೇ ಬೋಧಿಸಬಲ್ಲವು. ಹೊಸ ಪದ ಬರುವುದರಿಂದ ಭಾಷೆಗೆ ಕೇಡಿಲ್ಲ. ಇರುವ ಪದವನ್ನು ಆಡುವ ಸಂದರ್ಭವೇ ಇಲ್ಲದಂತಾದಾಗ ಕೇಡು.

ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಮುಂಬಯಿಯ ಕನ್ನಡಿಗ ಮಗುವಿಗೆ ಮನೆಯಲ್ಲಿ ತುಳುವೋ ಕೊಂಕಣಿಯೋ ಕನ್ನಡವೋ, ಬಾಗಿಲಾಚೆ ಮರಾಠಿ, ಗಾಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ತಂದೆತಾಯಂದಿರಿಬ್ಬರೂ ದುಡಿಯುವ ಮನೆಯಲ್ಲಿ ಬಿಡುವು ಕಡಮೆ. ಶಿಶುವಿಹಾರದ ಪ್ರವೇಶಕ್ಕೆ ಮುಂಚೆಯೇ ಹಣ್ಣು, ಬಣ್ಣ, ಅಂಕಿಗಳನ್ನು ಇಂಗ್ಲಿಷಿನಲ್ಲಿ ಹೇಳದಿದ್ದರೆ ಮಗು ಹಿಂದೆ ಬೀಳುವುದೆಂಬ ಭಯ ನಿರಾಧಾರವಾದುದಲ್ಲ. ಇಂಗ್ಲಿಷ್ ಇಲ್ಲದೆ ಈ ನಗರದಲ್ಲಿ ಬದುಕಿನ ಮೆಟ್ಟಲನ್ನು ಏರುವುದು ಕಷ್ಟವೆಂಬುದನ್ನು ಅಲ್ಲಗಳೆಯುವವರು ತಮ್ಮ ಮಕ್ಕಳನ್ನು ಎಲ್ಲಿ ಓದಿಸಿದರೆಂದು ಮೊದಲು ಹೇಳಬೇಕಾದೀತು. ಆದರೆ ನಮ್ಮ ಸಮಾಜದ ಚರಿತ್ರೆಯೇ ಇನ್ನೊಂದು ಸಾಕ್ಷ್ಯವನ್ನು ನುಡಿಯುತ್ತದೆ. ಹಗಲು ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿದ ತರುಣರು, 1908ರಲ್ಲಿ ಆರಂಭವಾದ ಮೊಗವೀರ ಉಚಿತ ರಾತ್ರಿಶಾಲೆಯಂತಹ ಸಂಸ್ಥೆಗಳಲ್ಲಿ ಇಂಗ್ಲಿಷ್ ಕಲಿತು ಮುಂದೆ ಬಂದರು. ಊರಿನ ಶಾಲೆಯಲ್ಲಿ ಕನ್ನಡದಲ್ಲಿ ಮಗ್ಗಿ ಕಲಿತು ಬಂದುದು ಅವರಿಗೆ ಅಡ್ಡಿಯಾಗಲಿಲ್ಲ. ಆ ಬಡತನವನ್ನು ಯಾರೂ ಮತ್ತೆ ಬಯಸಲಾರರು. ಆದರೆ ಮೊದಲ ಎಣಿಕೆ ಮನೆಮಾತಿನಲ್ಲಿ ಆದರೆ ಇಂಗ್ಲಿಷ್ ಕೆಡುವುದೆಂಬ ಅಂಜಿಕೆಗೆ ಆ ಪೀಳಿಗೆ ಸಾಕಾದ ಉತ್ತರ.

ಸಂವಿಧಾನದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಸೌಕರ್ಯವನ್ನು ವಿಧಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಾದೆಡೆಯಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತನ್ನು ಪುರಸ್ಕರಿಸುತ್ತದೆ. ಮುಂಬಯಿ ಮಹಾನಗರಪಾಲಿಕೆಯು ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದ್ದು, ಅವುಗಳಲ್ಲಿ ಕನ್ನಡವೂ ಒಂದು. ಆದರೆ ವಿಧಿಗಳೂ ನೀತಿಗಳೂ ಮೂರು ವರ್ಷದ ಮಗುವಿನ ತೊಡೆಯ ಮೇಲೆ ಪುಸ್ತಕವನ್ನು ಇಡಲಾರವು. ಅದು ನಮ್ಮ ಕೆಲಸ. ಈ ಕೆಲಸದಲ್ಲಿ ಕನ್ನಡ ಪ್ರಕಾಶನದ ಕೊರತೆಯನ್ನೂ ಮುಚ್ಚಿಡುವಂತಿಲ್ಲ. ನಮ್ಮ ಬಾಲಪುಸ್ತಕಗಳಲ್ಲಿ ಹಲವು ಇಂಗ್ಲಿಷಿನ ಚಿತ್ರಗಳನ್ನೇ ತೆಗೆದುಕೊಂಡು ಕೆಳಗೆ ಕನ್ನಡ ಹೆಸರನ್ನು ಅಚ್ಚು ಹಾಕಿದಂಥವು. ಸೀಬೆ, ಪೇರಲ, ಪೇರಳೆ ಎಂಬ ಪ್ರಾದೇಶಿಕ ಭೇದಗಳಲ್ಲಿ ಒಂದನ್ನು ಆರಿಸಿ ಉಳಿದವನ್ನು ಕೈಬಿಡುವುದರಿಂದ, ಧಾರವಾಡದ ಅಜ್ಜಿಯೂ ಉಡುಪಿಯ ಅಜ್ಜಿಯೂ ಒಂದೇ ಪುಸ್ತಕದ ಮುಂದೆ ಅಪರಿಚಿತರಾಗುತ್ತಾರೆ.

ನಮಗೆ ಮಾದರಿಗಳಿಲ್ಲವೆನ್ನಲಾಗದು. ಬಾಳೆಲೆಯಿಂದ ಆರಂಭಿಸಿ ಬಡಿಸುವುದು, ಉಣ್ಣುವುದು, ಎಲೆ ಎತ್ತುವುದರವರೆಗೆ ಒಂದರಿಂದ ಹತ್ತನ್ನು ಎರಡೆರಡಾಗಿ ಹೊಂದಿಸಿದ ಊಟದ ಎಣಿಕೆಯ ಹಾಡು ಕನ್ನಡ ಮನೆಗಳಲ್ಲಿ ಸುಪರಿಚಿತವಾಗಿದೆ. ಇಂಗ್ಲಿಷಿನಲ್ಲಿಯೂ ಬೂಟಿನ ಕೊಂಡಿ ಹಾಕುವುದರಿಂದ ತೊಡಗುವ, ಇದೇ ಬಂಧದ ಶಿಶುಗೀತೆ ಇದೆ. ಆಕೃತಿ ಒಂದೇ, ಒಂದರಲ್ಲಿ ಆ ಮನೆಯ ಬೂಟು, ಇನ್ನೊಂದರಲ್ಲಿ ಈ ಮನೆಯ ಎಲೆ. ಬಂಧ ಎಲ್ಲಿಂದ ಬಂದರೂ ಒಳಗಿನ ಬದುಕು ನಮ್ಮದಾಗಿದ್ದರೆ ಕೃತಿ ನಮ್ಮದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಇಂತಹ ವಿವೇಕದಿಂದ, ಕವಳಿ–ಕರವಂದಗಳನ್ನು ಒಂದೇ ಪುಟದಲ್ಲಿ ತೋರಿಸಿ, ಸೀಬೆಯ ಜೊತೆಗೆ ಪೇರಳೆಯನ್ನೂ ಕೊಟ್ಟು, ಡಜನ್ ಬಾಳೆಹಣ್ಣನ್ನು ಮನೆಯ ಐವರಿಗೆ ಹಂಚಿದರೆ ಎಷ್ಟು ಉಳಿಯಿತೆಂದು ಕೇಳುವ ಒಂದು ಪುಸ್ತಿಕೆಯನ್ನು ಮುಂಬಯಿಯ ಕನ್ನಡ ಸಂಘಗಳು ಹೊರತರಬಹುದು. ಸಮ್ಮೇಳನವೊಂದರ ಮಂಟಪಕ್ಕೆ ಆಗುವ ವೆಚ್ಚ ಅದಕ್ಕೆ ಬೇಕಾಗದು.

ನೆರೆಯವರೊಡನೆ ಕನ್ನಡದಲ್ಲಿಯೇ ಹರಟುವ ನಮ್ಮಲ್ಲಿ ಎಷ್ಟು ಮಂದಿ ದೂರವಾಣಿಯ ಸಂಖ್ಯೆಯನ್ನು ಕನ್ನಡದಲ್ಲಿ ಹೇಳುತ್ತೇವೆ? ವಾಕ್ಯ ಕನ್ನಡದ್ದು, ಅಂಕಿ ಇಂಗ್ಲಿಷಿನದು. ಭಾಷೆಯೊಂದು ಕ್ಷೀಣಿಸುವಾಗ ಲೆಕ್ಕದ ಮಾತುಗಳು ಬಹು ಬೇಗ ಹಿಂದೆಗೆಯುತ್ತವೆ. ಸಂತೆ, ಬೆಲೆ, ಅಳತೆ, ವಯಸ್ಸು, ತೇದಿ ಒಂದೊಂದಾಗಿ ಅದರ ಕೈಬಿಡುತ್ತವೆ. ಕೊನೆಗೆ ಉಳಿಯುವುದು ಹಬ್ಬದ ದಿನದ ಭಾಷೆ. ಎಣಿಸಲು ಬಾರದ ಭಾಷೆಯಲ್ಲಿ ಕವಿತೆ ಮಾತ್ರ ಬಹುಕಾಲ ಬಾಳೀತೆಂದು ನಂಬುವುದು ಕಷ್ಟ. ಮಗು ‘ಆ್ಯಪಲ್’ ಎನ್ನಲಿ, ‘ಟೆನ್’ ಎನ್ನಲಿ. ಆ ಹತ್ತು ಹಣ್ಣುಗಳನ್ನು ಮನೆಮಂದಿಗೆ ಹಂಚುವ ಹೊತ್ತಿನಲ್ಲಿ ಅದರ ಬಾಯಲ್ಲಿ ಕನ್ನಡದ ಲೆಕ್ಕ ಇರುವಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮ ಹೊಣೆ.